‘ಯಾರದು’ ಎಂಬ ಕಾಲಂ

ಮೊನ್ನೆ ವೆಸ್ಟ್ ಮಾಂಬಲಂ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬ್ಯಾಂಕಿನ ಕಾಗದವೊಂದನ್ನು ಹಿಡಿದು ನಿಂತಿದ್ದೆ. ನನ್ನ ಸರದಿ ಬಂದಾಗ ಅಂಗಡಿಯವರು ಯಂತ್ರದ ಮುಚ್ಚಳ ಎತ್ತಿದರು. ಗಾಜಿನ ಮೇಲೆ ಯಾರೋ ಮರೆತುಹೋದ ಪಾಸ್‌ಪೋರ್ಟ್ ಬೋರಲಾಗಿ ಬಿದ್ದಿತ್ತು. “ಉಂಗಳ್ದಾ ಸಾರ್?” ಎಂದು ಅದನ್ನು ನನ್ನ ಕೈಗೇ ಕೊಟ್ಟರು. ಯಂತ್ರದ ಬಿಸಿ ತಾಗಿ ಅದು ಬೆಚ್ಚಗಿತ್ತು. ನನ್ನದಲ್ಲ. ಅದರ ಒಂದು ಮೂಲೆಯನ್ನು ಕತ್ತರಿಸಿದ್ದರು. ಹೊಸ ಪಾಸ್‌ಪೋರ್ಟ್ ಕೊಡುವಾಗ ಹಳೆಯದರ ಮೂಲೆಯನ್ನು ಹೀಗೆ ಕತ್ತರಿಸಿ ವಾಪಸು ಕೊಡುತ್ತಾರೆ, ನಿಮಗೂ ಗೊತ್ತಿರಬಹುದು. ಇನ್ನು ಇದು ನಡೆಯುವುದಿಲ್ಲ ಎಂಬುದಕ್ಕೆ ಗುರುತು. ನಾನು ಅದನ್ನು ಅವರ ಮೇಜಿನ ಮೇಲಿಟ್ಟು, ನನ್ನ ಕಾಗದದ ಪ್ರತಿ ತೆಗೆಸದೆ ಮನೆಗೆ ಬಂದುಬಿಟ್ಟೆ. ಹೋದ ಕೆಲಸ ಆಯಿತೇ ಎಂದು ಹೆಂಡತಿ ಕೇಳಿದಳು. ಅಂಗಡಿ ಮುಚ್ಚಿತ್ತು ಎಂದೆ.

ಆ ಸುಳ್ಳಿನ ಕಾರಣ ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ತಂದೆ ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ ಬಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮಗನ ಕೈಗೆ ತಟ್ಟೆ ಬರಬಾರದು, ಪೆನ್ನು ಬರಬೇಕು ಎಂಬುದು ಅವರ ಹಟ. ಪೆನ್ನು ಬಂತು. ಬಂದರಿನ ಎದುರಿನ ಬೀದಿಯಲ್ಲಿ, ವಿದೇಶಕ್ಕೆ ಹೋಗಿ ನೆಲೆಸುವವರ ಮನೆ ಸಾಮಾನನ್ನು ಹಡಗಿಗೆ ಹಾಕಿಸುವ ಒಂದು ಆಫೀಸಿನಲ್ಲಿ ನಾನು ಮೂವತ್ತೊಂದು ವರ್ಷ ಪಟ್ಟಿ ಬರೆದೆ. ಇನ್ನೊಬ್ಬರ ಮನೆಗೆ ಹೋಗಿ, ಅವರ ಚಮಚ, ಚಾಪೆ, ಪುಸ್ತಕ, ಇಡ್ಲಿ ಪಾತ್ರೆಗಳನ್ನು ನೋಡಿ, ಯಾವ ಪೆಟ್ಟಿಗೆಯಲ್ಲಿ ಏನು, ಎಷ್ಟು ಎಂದು ಬರೆಯುವುದು. ಕಸ್ಟಮ್ಸಿನವರು ಪೆಟ್ಟಿಗೆ ತೆರೆದರೆ ಒಳಗಿರುವುದಕ್ಕೂ ಕಾಗದಕ್ಕೂ ತಾಳೆಯಾಗಬೇಕು.

ಈ ಪಟ್ಟಿಯ ಒಂದು ಮುಖ್ಯ ಪದ ‘ಬಳಸಿದ್ದು’. ಹೊಸ ಸಾಮಾನೆಂದರೆ ಆ ಕಡೆ ಸುಂಕದ ಪ್ರಶ್ನೆ ಬರುತ್ತದೆ. ಆದ್ದರಿಂದ ಪ್ರತಿಯೊಂದರ ಮುಂದೆಯೂ ‘ಬಳಸಿದ್ದು’ ಎಂದು ಸೇರಿಸುತ್ತೇವೆ. ಮಿಕ್ಸಿ, ಬಳಸಿದ್ದು. ದಿಂಬು, ಬಳಸಿದ್ದು. ದೇವರ ಫೋಟೊ, ಬಳಸಿದ್ದು. ಒಂದು ದೀಪಾವಳಿಗೆ ಹೆಂಡತಿಯ ಹೊಸ ಸೀರೆ ನೋಡಿ ಬಾಯಿತಪ್ಪಿ ಅದೇ ಪದ ಹೇಳಿ, ಎರಡು ದಿನ ಮೌನದ ಊಟ ಮಾಡಿದ್ದೂ ಉಂಟು. ಆಫೀಸಿನಲ್ಲಿ ನನಗೆ ‘ಕಾಲಂ ಸಾರ್’ ಎಂದು ಹೆಸರಿಟ್ಟಿದ್ದರು. ಪಟ್ಟಿಯ ಯಾವ ಕಾಲಮ್ಮನ್ನೂ ಖಾಲಿ ಬಿಡುವವನಲ್ಲ ನಾನು. ಅದು ತಮಾಷೆಗೆ ಇಟ್ಟ ಹೆಸರು. ನಾನು ಮಾತ್ರ ಬಿರುದಿನಂತೆ ಹೊತ್ತುಕೊಂಡಿದ್ದೆ.

ಎಂಟು ವರ್ಷದ ಹಿಂದಿನ ಮಾತು. ಕೀಲ್ಪಾಕಿನ ಒಂದು ಫ್ಲ್ಯಾಟಿಗೆ ಸಾಮಾನು ನೋಡಲು ಹೋದೆ. ಹುಬ್ಬಳ್ಳಿ ಕಡೆಯ ಕುಟುಂಬ. ಆಕೆ, ಹೆಸರು ಗಿರಿಜಾ ಎಂದಿಟ್ಟುಕೊಳ್ಳಿ, ನರ್ಸಿಂಗ್ ಕಲಿಸುತ್ತಿದ್ದವರು. ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿ ಮನೆಯೆಲ್ಲ ಅಲ್ಲಿಗೆ ಹೊರಟಿತ್ತು. ಅರ್ಧ ಗಂಟೆ ನನ್ನ ಜೊತೆ ತಮಿಳಿನಲ್ಲಿ ಮಾತಾಡಿದರು. ನಾನು ಪಟ್ಟಿಯ ಅಂಚಿನಲ್ಲಿ ಕನ್ನಡದಲ್ಲಿ ಲೆಕ್ಕ ಹಾಕುವುದನ್ನು ಕಂಡವರೇ ನಿಂತುಬಿಟ್ಟರು.

“ನೀವು ಕನ್ನಡದವರೇನ್ರಿ? ಮತ್ತ ಇಷ್ಟೊತ್ತು ನಾ ಯಾಕ ತಮಿಳಿನ್ಯಾಗ ಒದ್ದಾಡಿದೆ?”

ಆಮೇಲೆ ನಾನು ‘ಸಾರ್’ ಆಗಿದ್ದವನು ‘ಅಣ್ಣಾರ’ ಆದೆ. ಚಹಾ ಬಂತು. ಅವರ ಯಜಮಾನರು ಕಡಿಮೆ ಮಾತಿನವರು, ಒಂದೊಂದೇ ಕೋಣೆ ತೋರಿಸಿದರು. ಕೊನೆಯದು ಮಗಳ ಕೋಣೆ. ಗೋಡೆಗೆ ಒರಗಿಸಿದ ಸಣ್ಣ ಸೈಕಲ್, ಮೊಳೆಗೆ ತೂಗುಹಾಕಿದ ಸ್ಕೂಲ್ ಬ್ಯಾಗು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಬಣ್ಣದ ಪೆನ್ಸಿಲ್ಲುಗಳು. ಇಷ್ಟು ಅಚ್ಚುಕಟ್ಟಾದ ಮಗುವನ್ನು ನಾನು ಕಂಡಿಲ್ಲ ಎಂದೆ. ಹಡಗು ಸೇರಿ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಈ ಸೈಕಲ್ ಮಗುವಿಗೆ ಚಿಕ್ಕದಾಗಿರುತ್ತದೆ, ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ ಎಂದು ಸಲಹೆಯನ್ನೂ ಕೊಟ್ಟೆ. ಯಜಮಾನರು ಕಿಟಕಿಯ ಕಡೆ ನೋಡುತ್ತ, ಪರವಾಗಿಲ್ಲ, ಅದನ್ನೂ ಹಾಕಿಕೊಳ್ಳಿ ಎಂದರು. ನಾನು ಹಾಕಿಕೊಂಡೆ. ಸೈಕಲ್, ಮಕ್ಕಳದು, ಬಳಸಿದ್ದು, ಒಂದು.

ನಮ್ಮ ಪಟ್ಟಿಯಲ್ಲಿ ಕೊನೆಯ ಕಾಲಂ ‘ಯಾರದು’. ಮನೆಯಲ್ಲಿ ಯಾರ ಉಪಯೋಗದ ವಸ್ತು ಎಂದು ಹೆಸರು ಬರೆಯಬೇಕು. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಮೇಲಿನಿಂದ ಕೆಳಗಿನವರೆಗೆ ಯಜಮಾನರ ಹೆಸರಿನ ಕೆಳಗೆ ಒಂದು ಗೀಟೆಳೆಯುತ್ತಾರೆ. ಗಿರಿಜಾ ಹಾಗೆ ಮಾಡಲಿಲ್ಲ. ನಾನು ಕಳಿಸಿದ ಕರಡಿನಲ್ಲಿ ಒಂದೊಂದು ಸಾಲಿನ ಎದುರಿಗೂ ದುಂಡಗೆ ಹೆಸರು ತುಂಬಿ ಕೊಟ್ಟರು. ಇಷ್ಟು ವರ್ಷಗಳಲ್ಲಿ ನನ್ನ ಸಮಕ್ಕೆ ನಿಲ್ಲುವವರು ಇವರೊಬ್ಬರು ಎಂದು ಸಂತೋಷಪಟ್ಟು, ಅದನ್ನು ಹಾಗೆಯೇ ಟೈಪು ಮಾಡಿಸಿ, ಮ್ಯಾನೇಜರ ಸಹಿ, ಆಫೀಸಿನ ಮುದ್ರೆ ಹಾಕಿಸಿದೆ. ಪೆಟ್ಟಿಗೆಗಳು ಮಾಧವರಂನ ಗೋದಾಮಿಗೆ ಹೋದವು.

ಹಡಗಿಗೆ ಎರಡು ದಿನವಿದೆ ಎನ್ನುವಾಗ ಆಸ್ಟ್ರೇಲಿಯಾ ಕಡೆಯ ಏಜೆಂಟರಿಂದ ಮೇಲ್ ಬಂತು. ಪಟ್ಟಿಯಲ್ಲಿ ಮೂವರ ಹೆಸರಿದೆ, ಪಾಸ್‌ಪೋರ್ಟಿನ ಪ್ರತಿ ಇಬ್ಬರದೇ ಇದೆ, ಮೂರನೆಯದನ್ನು ಕಳಿಸಿ. ನನ್ನಿಂದ ಒಂದು ಕಾಗದ ತಪ್ಪಿತ್ತು. ಫೋನಿನಲ್ಲಿ ಕೇಳಿದ್ದರೆ ಸಾಕಿತ್ತು. ಆದರೆ ತಪ್ಪು ನನ್ನದಾದ್ದರಿಂದ ನಾನೇ ಹೋಗಬೇಕು ಎಂದು ಮಧ್ಯಾಹ್ನ ಊಟ ಮುಗಿಸಿ ಕೀಲ್ಪಾಕಿಗೆ ಹೊರಟೆ. ಕೈಯಲ್ಲಿ ಪಟ್ಟಿಯ ಮೂಲಪ್ರತಿ ಇತ್ತು.

ಫ್ಲ್ಯಾಟು ಖಾಲಿಯಾಗಿತ್ತು. ಖಾಲಿ ಮನೆಯಲ್ಲಿ ಮಾತು ಸ್ವಲ್ಪ ತಡವಾಗಿ ವಾಪಸು ಬರುತ್ತದೆ. ನಮ್ಮ ಕೆಲಸದವರಿಗೆ ಅದು ಅಭ್ಯಾಸ. ಯಜಮಾನರು ಗ್ಯಾಸ್ ಕನೆಕ್ಷನ್ ಹಿಂದಿರುಗಿಸಲು ಹೋಗಿದ್ದರು. ಗಿರಿಜಾ ನೆಲದ ಮೇಲೆ ಒಂದು ಬೆಡ್‌ಶೀಟ್ ಹಾಸಿ ಕೂರಲು ಹೇಳಿದರು. ಕೂರಲಿಲ್ಲ, ಆಫೀಸಿಗೆ ಬೇಗ ಹಿಂದಿರುಗಬೇಕೆಂದೆ. ಮಗಳ ಪಾಸ್‌ಪೋರ್ಟ್ ಬೇಕಿತ್ತು ಎಂದು ಕೇಳಿದೆ. ಅವರು ಸೂಟ್‌ಕೇಸ್ ತೆರೆದು, ಪ್ಲಾಸ್ಟಿಕ್ ಫೈಲಿನಿಂದ ತೆಗೆದು ಕೊಟ್ಟರು.

ನಾನು ಒಳಗಿನ ಹಾಳೆ ನೋಡಲೇ ಇಲ್ಲ. ಮೂಲೆ ಕತ್ತರಿಸಿತ್ತು. ಇಷ್ಟು ವರ್ಷ ಪಾಸ್‌ಪೋರ್ಟ್ ನೋಡಿದ ಕೈಗೆ ಅದರ ಅರ್ಥ ಒಂದೇ.

“ಮೇಡಮ್, ಇದು ಹಳೇದು. ಮೂಲೆ ಕಟ್ ಮಾಡಿದಾರೆ ನೋಡಿ. ಹೊಸದು ಕೊಡಿ.”

“ಹೊಸಾದು ಇಲ್ರಿ ಅಣ್ಣಾರ.”

ಮಾಡಿಸುವುದನ್ನು ಮರೆತಿದ್ದಾರೆ ಎಂದುಕೊಂಡು, ಹೊಸದಿಲ್ಲದೆ ಮಗು ವಿಮಾನ ಹತ್ತುವುದು ಹೇಗೆ ಎಂದು ನಕ್ಕೆ. ನಕ್ಕದ್ದು ನಿಜ. ಅದನ್ನು ಬಿಟ್ಟು ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ.

ಅವರು ಅಳಲಿಲ್ಲ. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನಕ್ಕೆ ಹೋದಳು ಎಂದು, ತಾವು ಕಲಿಸುವ ಆಸ್ಪತ್ರೆಯಲ್ಲೇ ಹೋದಳು ಎಂದು, ಪಾಠ ಹೇಳುವಷ್ಟೇ ಸಮನಾದ ದನಿಯಲ್ಲಿ ಹೇಳಿದರು. ಆ ದೇಶಕ್ಕೆ ಅರ್ಜಿ ಹಾಕಿದಾಗ ಮೂವರೂ ಇದ್ದರು. ಆಮೇಲೆ ಯಜಮಾನರು ಪಾಸ್‌ಪೋರ್ಟನ್ನು ಅದನ್ನು ಕೊಟ್ಟ ಸರಕಾರಿ ಆಫೀಸಿಗೇ ಒಪ್ಪಿಸಿದರು. ಅಲ್ಲಿಯವರು ಮೂಲೆ ಕತ್ತರಿಸಿ ಹಿಂದಕ್ಕೆ ಕೊಟ್ಟರು. ಹೀಗೂ ಕತ್ತರಿಸುತ್ತಾರೆ ಎಂಬುದು ನನಗೆ ತಿಳಿಯದ್ದಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ.

ನಾನು ಬೆಡ್‌ಶೀಟಿನ ಮೇಲೆ ಕೂತೆ. ಅವರೇ ಮುಂದುವರಿಸಿದರು.

“ಯಾರದು ಅಂತ ಕೇಳಿತ್ತಲ್ರಿ ಹಾಳ್ಯಾಗ. ಆಕಿದು ಅಂತ ಬರದೆ. ಸುಳ್ಳ ಬರದಿಲ್ಲ ನಾ.”

ಬರೆದಿರಲಿಲ್ಲ. ಅವರ ಪಟ್ಟಿಯಷ್ಟು ನಿಜವಾದ ಪಟ್ಟಿಯನ್ನು ನಾನು ಹಡಗಿಗೆ ಹಾಕಿದ್ದೇ ಇಲ್ಲ. ಆದರೆ ಪಟ್ಟಿಯ ಕೆಳಗೆ, ಮೇಲೆ ಹೆಸರಿರುವವರೆಲ್ಲ ಆ ದೇಶಕ್ಕೆ ಬರುತ್ತಿರುವವರು ಎಂದು ಒಂದು ಸಾಲಿದೆ. ಅದರ ಕೆಳಗೆ ಅವರ ಸಹಿಯಿತ್ತು. ನಾನು ದಾರಿಗಳನ್ನು ವಿವರಿಸಿದೆ. ತೀರಿಕೊಂಡವರ ಸಾಮಾನು ಎಂದೇ ಬೇರೆ ಹೇಳಿಕೆ ಕೊಡಬಹುದು. ಅದಕ್ಕೆ ಮರಣದ ಸರ್ಟಿಫಿಕೇಟು, ಅದರ ದೃಢೀಕರಣ, ಒಂದು ಪತ್ರ ಎಲ್ಲ ಬೇಕು, ವಾರದ ಮೇಲಾಗುತ್ತದೆ. ಅಷ್ಟರಲ್ಲಿ ಈ ಹಡಗು ಹೋಗಿರುತ್ತದೆ, ಇವರೂ ಹೊರಟಿರುತ್ತಾರೆ, ಮಗಳ ಮೂರು ಪೆಟ್ಟಿಗೆಗಳು ಮಾತ್ರ ಗೋದಾಮಿನಲ್ಲಿ ಉಳಿಯುತ್ತವೆ. ಇಲ್ಲವಾದರೆ ಆ ಸಾಲುಗಳಲ್ಲಿ ಅವಳ ಹೆಸರು ಹೊಡೆದು, ಇವರ ಹೆಸರು ಬರೆದರೆ ಆಯಿತು. ಮೂರು ಪೆಟ್ಟಿಗೆಯೂ ಇವರ ಜೊತೆಗೇ ಬರುತ್ತವೆ.

ಪೆಟ್ಟಿಗೆ ಬಿಟ್ಟು ಹೋಗುವುದಿಲ್ಲ ಎಂದರು. ಆಮೇಲೆ ಕೇಳಿದರು:

“ಎಷ್ಟು ಕಡೆ ಐತ್ರಿ ಆಕಿ ಹೆಸರು?”

ಎಣಿಸಿದೆ. ಹದಿನಾಲ್ಕು.

ಮುದ್ರೆ ಬಿದ್ದ ಕಾಗದದಲ್ಲಿ ತಿದ್ದುಪಡಿಗೆ ಒಂದು ಕ್ರಮವಿದೆ. ಬಿಳಿ ಬಳಿಯುವಂತಿಲ್ಲ. ಹಳೆಯ ಪದ ಕೆಳಗೆ ಓದುವಂತಿರಬೇಕು, ಅದರ ಮೇಲೆ ಒಂದೇ ಗೆರೆ. ಪಕ್ಕದಲ್ಲಿ ಹೊಸ ಪದ, ಪ್ರತಿಯೊಂದಕ್ಕೂ ಬೇರೆ ಬೇರೆ ಸಹಿ. ಇದನ್ನೂ ವಿವರಿಸಿದೆ. ಅವರು ಕಾಗದವನ್ನು ಸೂಟ್‌ಕೇಸಿನ ಮೇಲಿಟ್ಟುಕೊಂಡು ಶುರುಮಾಡಿದರು. ಯೂನಿಫಾರ್ಮ್, ಮೂರು ಜೊತೆ. ಗೆರೆ, ಗಿರಿಜಾ, ಸಹಿ. ಮಳೆ ಕೋಟು. ಗೆರೆ, ಗಿರಿಜಾ, ಸಹಿ. ನಾನು ಬೆರಳಿಟ್ಟು ಮುಂದಿನ ಸಾಲು ತೋರಿಸುತ್ತಿದ್ದೆ, ಸೈಕಲ್ಲನ್ನೂ ತೋರಿಸಿದೆ. ಹೆಸರಿನ ಮೇಲೆ ಗೆರೆ ಎಳೆಯುವಾಗ ಅವರು ಸ್ಕೇಲಿಟ್ಟಂತೆ ನಿಧಾನವಾಗಿ ಎಳೆಯುತ್ತಿದ್ದರು, ಒಂದಕ್ಷರವೂ ಮುಚ್ಚಿಹೋಗದ ಹಾಗೆ.

ಹದಿಮೂರು ಮುಗಿದವು. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು.

“ಇದನ್ನ ಹೆಂಗ ನನ್ನದು ಅನ್ನಲಿ? ನಾ ಚಸ್ಮಾ ಹಾಕ್ಕೊಳ್ಳಾಂಗಿಲ್ಲಲ್ರಿ.”

ಕನ್ನಡಕ, ಬಳಸಿದ್ದು, ಒಂದು. ಅವರು ಕೇಳಿದ್ದು ಪ್ರಶ್ನೆಯಲ್ಲ, ಇದೊಂದನ್ನು ಬಿಡಬಹುದೇ ಎಂಬ ಬೇಡಿಕೆ. ಅದು ನನಗೆ ಆಗಲೇ ಅರ್ಥವಾಗಿತ್ತು. ಒಂದು ಹೆಸರು ಉಳಿದರೂ ಇಡೀ ಪಟ್ಟಿ ನಿಲ್ಲುತ್ತದೆ. ಯಾರೂ ಅಷ್ಟೆಲ್ಲ ನೋಡೋದಿಲ್ಲ ಮೇಡಮ್, ಹಾಕಿ ಎಂದೆ. ಅವರು ಹಾಕಿದರು.

ಹಡಗು ಹೋಯಿತು. ಎರಡೂವರೆ ತಿಂಗಳ ಮೇಲೆ ಯಜಮಾನರಿಂದ ಆಫೀಸಿಗೆ ಮೇಲ್ ಬಂತು: ಎಲ್ಲ ಪೆಟ್ಟಿಗೆಗಳೂ ತಲುಪಿವೆ, ಒಂದು ಜಾಡಿಯ ಮುಚ್ಚಳ ಒಡೆದಿದೆ, ಬೇರೆ ದೂರಿಲ್ಲ, ವಂದನೆಗಳು. ಮ್ಯಾನೇಜರು ಅದನ್ನು ಎಲ್ಲರೆದುರು ಓದಿ, ಕಾಲಂ ಸಾರ್ ಕಾಗದ ಎಂದರೆ ಕಾಗದ ಎಂದು ಹೊಗಳಿದರು.

ಇಲ್ಲಿಯವರೆಗೆ ಒಂದು ವಿಷಯವನ್ನು ನಾನು ಜಾರಿಸಿಕೊಂಡು ಬಂದಿದ್ದೇನೆ. ಮುದ್ರೆ ಬಿದ್ದ ಕಾಗದವನ್ನು ಹೇಗೆ ತಿದ್ದಬೇಕೆಂದು ಹೇಳಿದೆ, ತಿದ್ದಲೇಬೇಕಿತ್ತು ಎಂಬಂತೆ. ಬೇಕಿರಲಿಲ್ಲ. ಹಳೆಯ ಪಟ್ಟಿಯನ್ನು ರದ್ದುಮಾಡಿ, ಹದಿನಾಲ್ಕು ಕಡೆ ಹೆಸರು ಬದಲಾಯಿಸಿ, ಹೊಸದಾಗಿ ಟೈಪು ಮಾಡಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಮ್ಯಾನೇಜರು ಐದರವರೆಗೆ ಆಫೀಸಿನಲ್ಲಿ ಇರುತ್ತಿದ್ದರು; ನಾನು ಆ ಮನೆಯಲ್ಲಿ ಕೂತಿದ್ದಾಗ ಮೂರು ಗಂಟೆ. ಗಿರಿಜಾ ಕೊನೆಯಲ್ಲಿ ಒಂದೇ ಒಂದು ಸಹಿ ಹಾಕಿದ್ದರೆ ಸಾಕಿತ್ತು. ಮಗಳ ಹೆಸರಿನ ಮೇಲೆ ಅವರ ಕೈಯಿಂದ ಒಂದು ಗೆರೆಯೂ ಬೀಳಬೇಕಾಗಿರಲಿಲ್ಲ. ಅದಕ್ಕೆ ನಾನು ಸಂಜೆ ಮತ್ತೊಮ್ಮೆ ಬಂದರಿನಿಂದ ಕೀಲ್ಪಾಕಿಗೆ ಬರಬೇಕಾಗುತ್ತಿತ್ತು, ಬಸ್ಸಿನಲ್ಲಿ, ಆ ಜನಜಂಗುಳಿಯಲ್ಲಿ. ಇದು ಆಮೇಲೆ ಹೊಳೆದದ್ದಲ್ಲ. ಅವರು ಪೆನ್ನಿನ ಮುಚ್ಚಳ ತೆಗೆಯುವಾಗಲೇ ಗೊತ್ತಿತ್ತು. ಇನ್ನೊಂದು ಸಲ ಯಾರು ಬರುತ್ತಾರೆ ಎಂದು ಸುಮ್ಮನಿದ್ದೆ.

ಅವರಿಗೆ ಬರೆದು ಕ್ಷಮೆ ಕೇಳಬಹುದಲ್ಲ ಎಂದು ನೀವು ಕೇಳಬಹುದು. ಕೇಳಿದರೆ, ಬೇಡವಾಗಿದ್ದ ಕೆಲಸವನ್ನು ತಾವು ಹದಿನಾಲ್ಕು ಸಲ ಮಾಡಿದೆವೆಂದು ಅವರಿಗೆ ತಿಳಿಯುತ್ತದೆ. ಅವರಿಗೆ ಈಗಲೂ ಅದೊಂದು ಸರಕಾರದ ನಿಯಮ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಅದು ಅವರ ಒಳ್ಳೆಯದಕ್ಕೋ, ಇನ್ನೊಂದು ಸಲ ಹೋಗದವನ ಅದೇ ಸೋಮಾರಿತನವೋ, ಹೇಳಲಾರೆ.

ಇಷ್ಟು ಬರೆದ ಮೇಲೆ ನಿನ್ನೆ ಹೆಂಡತಿಗೆ ಓದಿ ಹೇಳಿದೆ. ಜೆರಾಕ್ಸ್ ಅಂಗಡಿ ಮುಚ್ಚಿರಲಿಲ್ಲ ಎಂಬುದು ಅವಳಿಗೂ ಈಗ ಗೊತ್ತಾಯಿತು, ಅದನ್ನು ಎತ್ತಲಿಲ್ಲ. ಕೈಯಲ್ಲಿದ್ದ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು.

“ಮಗು ಹೆಸರು ಏನು?”

ಹೇಳಿದೆ.

“ಮತ್ತೆ ಅದನ್ನ ಒಂದು ಕಡೇನೂ ಬರೆದಿಲ್ವಲ್ಲ ನೀವು? ಮಗಳು, ಮಗು, ಅವಳು ಅಂತಲೇ ಇದೆ.”

ತಾಯಿಯ ಹೆಸರನ್ನು ಬದಲಾಯಿಸಿದ ಹಾಗೆ ಇದನ್ನು ಬದಲಾಯಿಸಲು ಆಗಲಿಲ್ಲ, ಅದಕ್ಕೇ ಬಿಟ್ಟೆ ಎಂದೆ.

“ಪೋದುಂರೀ, ಸಾಕು. ಇದೇನು ಕಸ್ಟಮ್ಸಾ, ಹಿಡಿದು ನಿಲ್ಲಿಸೋಕೆ? ಬರೀರಿ.”

ಅವಳು ಬೀನ್ಸ್ ತೆಗೆದುಕೊಂಡು ಒಳಗೆ ಹೋದಳು. ನಾನು ಬೇರೆ ಹಾಳೆ ತೆಗೆದು, ಮೊದಲು ಟೈಪಾದಾಗ ಹೇಗಿತ್ತೋ ಹಾಗೆ, ಆ ಕೊನೆಯ ಸಾಲನ್ನು ಬರೆದೆ.

ಕನ್ನಡಕ. ಬಳಸಿದ್ದು. ಒಂದು. ನೀಲಾಂಬಿಕಾ.