ವೋಲ್ಟೇಜ್ ಬಿದ್ದ ಮಧ್ಯಾಹ್ನ

ಆದೋನಿಯಲ್ಲಿ ವಿಡಿಯೋ ಎಂದರೆ ನಾನೇ ಎಂಬ ನಂಬಿಕೆ ಊರಿಗೆ ಇರಲಿಲ್ಲ, ನನಗಿತ್ತು. ವಿಡಿಯೋ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮದುವೆಗಳಿಗೆ ಕ್ಯಾಮೆರಾ ಹೊರುವುದು, ವೈರಿಗೆ ಎಡವಿ ಬೀಳುವುದು, ಬಿದ್ದದ್ದನ್ನೂ ರೆಕಾರ್ಡ್ ಮಾಡಿಕೊಂಡು ಬರುವುದು ನನ್ನ ಕೆಲಸ. ಒಮ್ಮೆ ಲೆನ್ಸಿನ ಮುಚ್ಚಳ ತೆಗೆಯುವುದನ್ನು ಮರೆತು ಇಡೀ ಮುಹೂರ್ತವನ್ನು ಕಪ್ಪಗೆ ಹಿಡಿದುಕೊಂಡು ಬಂದಿದ್ದೆ. ಮಂತ್ರ ಮಾತ್ರ ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಇಂಥವನನ್ನು ನಂಬಿ ನಮ್ಮ ಓಣಿಯ ಟೀಚರಮ್ಮ ಮನೆಗೆ ಕರೆದರು. ಅವರ ಮಗಳ ಮದುವೆ ಹೊಳಗುಂದದ ಕಡೆಗೆ ಗೊತ್ತಾಗಿತ್ತು. ಆ ಹುಡುಗಿ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅವಳ ತೊಟ್ಟಿಲು ಕಾರ್ಯದ ದಿನ ಊರಿನ ಡಾಕ್ಟರೊಬ್ಬರು ತಮ್ಮ ಪುಟ್ಟ ಕ್ಯಾಮೆರಾದಲ್ಲಿ ಒಂದು ಸಣ್ಣ ರೀಲು ತೆಗೆದಿದ್ದರು. ಅದರಲ್ಲಿ ಅವಳಪ್ಪ ಬಾಗಿಲಿನಿಂದ ತೊಟ್ಟಿಲವರೆಗೆ ನಡೆದು ಬರುತ್ತಾರೆ, ಅಷ್ಟೇ. ‘ನಿನ್ನ ನಡಿಗೆ ಥೇಟ್ ನಿಮ್ಮಪ್ಪನದೇ’ ಎಂದು ಎಲ್ಲರೂ ಹೇಳುವುದನ್ನು ಕೇಳುತ್ತಲೇ ಬೆಳೆದವಳು ಅವಳು. ಅಪ್ಪನ ಫೋಟೋ ನೋಡಿದ್ದಳು. ಫೋಟೋ ನಡೆಯುವುದಿಲ್ಲವಲ್ಲ.

ಡಾಕ್ಟರು ಊರು ಬಿಡುವವರಿದ್ದರು. ಹೋಗುವ ಮುಂಚೆ ರೀಲನ್ನು ಕೊಟ್ಟೇಬಿಟ್ಟರು, ಪ್ರೊಜೆಕ್ಟರನ್ನು ಭಾನುವಾರದವರೆಗೆ ಮಾತ್ರ. ರೀಲಿನ ಅಂಚಿನ ತೂತುಗಳು ಹರಿಯತೊಡಗಿದ್ದವು. ಓಡಿಸಿದಷ್ಟೂ ಇನ್ನಷ್ಟು ಹರಿಯುತ್ತಿತ್ತು. ಅದು ಪೂರಾ ಹಾಳಾಗುವ ಮೊದಲು ಕ್ಯಾಸೆಟ್ಟಿಗೆ ಇಳಿಸಬೇಕು.

"ಆಗ್ತದೇನಪ್ಪಾ ನಿನ್ನ ಕಡಿಂದ?"

"ಅಕ್ಕಾ, ಕಣ್ ಮುಚ್ಚಿ ಮಾಡ್ತೀನಿ."

"ಕಣ್ ತೆರೆದು ಮಾಡೋ ಪುಣ್ಯಾತ್ಮಾ. ಆ ಮುಹೂರ್ತದ ಸುದ್ದಿ ನಾನೂ ಕೇಳೀನಿ."

ಉಪಾಯ ಸರಳ. ಗೋಡೆಯ ಮೇಲೆ ರೀಲು ಬಿಡುವುದು, ಅದನ್ನು ಬ್ಯಾಟರಿಯ ವಿಡಿಯೋ ಕ್ಯಾಮೆರಾದಲ್ಲಿ ಹಿಡಿಯುವುದು. ಮೊದಲ ಸಲ ರಾತ್ರಿ ಕೂತೆವು. ಕತ್ತಲೆ ಚೆನ್ನಾಗಿರುತ್ತದೆ, ಮಿಲ್ಲುಗಳು ನಿಂತಿರುವುದರಿಂದ ಕರೆಂಟೂ ಜೋರಾಗಿರುತ್ತದೆ ಎಂಬುದು ನಮ್ಮ ಅಂಗಡಿಯ ಶಾಸ್ತ್ರ. ಅದರ ಮೇಲೆ ಓನರು ತಮ್ಮ ಪ್ರಾಣದಂಥ ಸ್ಟೆಬಿಲೈಜರನ್ನೂ ಹೊರಿಸಿ ಕಳಿಸಿದ್ದರು.

ಸುಣ್ಣದ ಗೋಡೆಯ ಉಬ್ಬುತಗ್ಗಿನಲ್ಲಿ ಪಾಪ, ಅವಳಪ್ಪನಿಗೆ ಸಿಡುಬು ಎದ್ದ ಹಾಗೆ ಕಾಣಿಸಿತು. ಅದಕ್ಕಿಂತ ದೊಡ್ಡ ಪೀಡೆ ಕ್ಯಾಮೆರಾದಲ್ಲಿತ್ತು. ಗೋಡೆಯ ಮೇಲೆ ಇಲ್ಲದ ಒಂದು ಕಪ್ಪು ಪಟ್ಟಿ ಕ್ಯಾಮೆರಾದೊಳಗೆ ಕಂಬಳಿಹುಳದ ಹಾಗೆ ಮೇಲಿಂದ ಕೆಳಗೆ ಹರಿಯುತ್ತಿತ್ತು. ಲೆನ್ಸು ಒರೆಸಿದೆ. ಕ್ಯಾಸೆಟ್ ಬದಲಿಸಿದೆ. ಕ್ಯಾಮೆರಾವನ್ನು ಅಡ್ಡ ಮಲಗಿಸಿದೆ. ಪಟ್ಟಿ ಹೋಗಲಿಲ್ಲ, ಅವಳಪ್ಪ ಅಡ್ಡಬಿದ್ದರು. ಸಾಲದ್ದಕ್ಕೆ ಅವರು ರೀಲಿನಲ್ಲಿ ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಹೊರಟವರಂತೆ ಪುಟಪುಟ ನೆಗೆಯುತ್ತಿದ್ದರು.

"ಅಮ್ಮಾ, ಅಪ್ಪ ಹಿಂಗ ನೆಗೀತಿದ್ರೇನು?" ಹುಡುಗಿಯ ದನಿ ಸಣ್ಣಗಾಗಿತ್ತು.

"ಇಲ್ಲವ್ವಾ," ಎಂದಷ್ಟೇ ಹೇಳಿ ಟೀಚರಮ್ಮ ಒಳಗೆ ಹೋದರು.

ನನಗೆ ಆ ಹೊತ್ತು ತಮಾಷೆ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಕೊನೆಯ ಪ್ರಯತ್ನಕ್ಕೆ ಹೋದೆ. ಹಗಲಲ್ಲೂ ಕತ್ತಲಿರುವುದು ಆ ಮನೆಯ ಉಗ್ರಾಣ ಮಾತ್ರ. ಅಲ್ಲಿ ಎತ್ತರದ ಗಳದ ಮೇಲೆ ಹುಡುಗಿಯ ತಾತನ, ಅಂದರೆ ಅವಳಪ್ಪನ ತಂದೆಯ, ಮಡಿ ಪಂಚೆ ನೆಲದ ತನಕ ಇಳಿಬಿದ್ದು ಒಣಗಿತ್ತು. ಬೆಳ್ಳಗೆ, ನುಣ್ಣಗೆ ಇತ್ತು. ನಾನು ಅದರ ಕಡೆಗೆ ಪ್ರೊಜೆಕ್ಟರ್ ತಿರುಗಿಸುವಷ್ಟರಲ್ಲಿ ಬಾಗಿಲಲ್ಲಿ ತಾತ ನಿಂತಿದ್ದರು.

"ಮುಟ್ಟಿದೇನಲೇ?"

"ಇಲ್ರೀ ತಾತಾ. ನಾನು ಮುಟ್ಟಂಗಿಲ್ಲ, ಬೆಳಕಷ್ಟೇ ಮುಟ್ತೈತಿ."

ತಾತ ಪಂಚೆಯನ್ನೊಮ್ಮೆ, ಪ್ರೊಜೆಕ್ಟರನ್ನೊಮ್ಮೆ ನೋಡಿದರು. "ಬೆಳಕಿಗೆ ಮೈಲಿಗಿ ಇಲ್ಲ. ಬಿಡು, ನೋಡೋಣ."

ಆಗ ನೆನಪಾಯಿತು, ಸ್ಟೆಬಿಲೈಜರನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಓನರು ನನ್ನ ಚರ್ಮ ಸುಲಿದು ಕ್ಯಾಮೆರಾಕ್ಕೆ ಕವರು ಹೊಲಿಸುವುದು ಖಾತ್ರಿ. ಮತ್ತೆ ಹೋಗಿ ತರಲು ಹೊತ್ತಿರಲಿಲ್ಲ, ಸಂಜೆಗೆ ಡಾಕ್ಟರ ಲಾರಿ ಹೊರಡುವುದಿತ್ತು. ಪ್ರೊಜೆಕ್ಟರನ್ನು ಹಾಗೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ರೀಲು ಬಿಟ್ಟೆ.

ಹತ್ತಿಯ ಸೀಜನ್ನು, ಭಾನುವಾರವೂ ರಜೆಯಿಲ್ಲ. ಊಟದ ಬಿಡುವು ಮುಗಿದು ಹಿಂದಿನ ಓಣಿಯ ಜಿನ್ನಿಂಗ್ ಫ್ಯಾಕ್ಟರಿ ‘ಗೊಂಯ್’ ಎಂದು ಶುರುವಾಯಿತು. ಪಡಸಾಲೆಯ ಬಲ್ಬು ಕೆಂಪಗೆ ಬಾಡಿತು. ಪ್ರೊಜೆಕ್ಟರ್ ಹೊಟ್ಟೆನೋವಿನ ಎಮ್ಮೆಯ ಹಾಗೆ ನರಳಿ ನಿಧಾನವಾಯಿತು. ಮುಗೀತು, ಮೋಟರ್ ಸುಟ್ಟಿತು, ಡಾಕ್ಟರಿಗೆ ಏನು ಹೇಳಲಿ ಎಂದುಕೊಳ್ಳುತ್ತ ಕ್ಯಾಮೆರಾದೊಳಗೆ ಇಣುಕಿದೆ. ಪಟ್ಟಿ ತಡವರಿಸಿತು. ನಿಂತಿತು. ಮಸುಕಾಗಿ ಮಾಯವಾಯಿತು.

ಪ್ರೊಜೆಕ್ಟರು ಕಣ್ಣು ಮಿಟುಕಿಸುವ ಯಂತ್ರ, ಕ್ಯಾಮೆರಾನೂ ಹಾಗೆಯೇ. ಇಬ್ಬರ ರೆಪ್ಪೆ ಒಂದು ತಾಳಕ್ಕೆ ಬೀಳದಿದ್ದರೆ ನಡುವೆ ಆ ಕಪ್ಪು ಹರಿಯುತ್ತದೆ. ಜೋರು ಕರೆಂಟಿನಲ್ಲಿ ಪ್ರೊಜೆಕ್ಟರು ಓಡಿಬಿಡುತ್ತಿತ್ತು. ಫ್ಯಾಕ್ಟರಿ ಕರೆಂಟು ಎಳೆದುಕೊಂಡು ಅದರ ಕಿವಿ ಹಿಂಡಿ ತಾಳಕ್ಕೆ ತಂದಿತ್ತು. ಸ್ಟೆಬಿಲೈಜರ್ ಇದ್ದಿದ್ದರೆ ಅದಕ್ಕೆ ಬಿಡುತ್ತಿರಲಿಲ್ಲ. ಇದೆಲ್ಲ ನನಗೆ ಅರ್ಥವಾದದ್ದು ಎಷ್ಟೋ ಕಾಲದ ಮೇಲೆ. ಆಗ ಮಾತ್ರ, ಏನೂ ತಿಳಿಯದೆ, ಅಲುಗಾಡಿದರೆ ಪಟ್ಟಿ ಮರಳಿ ಬಂದೀತೆಂದು ಉಸಿರು ಬಿಗಿಹಿಡಿದು ನಿಂತಿದ್ದೆ.

"ಹಿಂಗ... ಹಿಂಗೇ ನಡೀತಿದ್ರು," ಎಂದರು ಟೀಚರಮ್ಮ.

ತಲೆ ಎತ್ತಿ ನೋಡಿದೆ. ಪಂಚೆಯ ಮೇಲೆ ಆ ಮನುಷ್ಯ ನೆಗೆಯುತ್ತಿರಲಿಲ್ಲ. ಎಡಭುಜ ತುಸು ಇಳಿಸಿ, ಯಾವ ಗಡಿಬಿಡಿಯೂ ಇಲ್ಲದೆ ತೊಟ್ಟಿಲ ಕಡೆಗೆ ನಡೆದು ಬರುತ್ತಿದ್ದರು. ತೊಟ್ಟಿಲ ಹತ್ತಿರ ಬಂದಾಗ ಮುಖ ಪಂಚೆಯ ಮಡಿಕೆಗೆ ಸಿಕ್ಕಿ ಸೊಟ್ಟಗಾಯಿತು.

"ತಾತಾ, ಮಡತಿ!" ಎಂದು ನಾನು ಕೂಗಿದೆ. ಮುಟ್ಟುವ ಹಕ್ಕು ಅವರಿಗೊಬ್ಬರಿಗೇ ಇತ್ತು. ತಾತ ಬದಿಯಿಂದ ಕೈ ಚಾಚಿ ಪಂಚೆಯ ಅಂಚನ್ನು ಮೆಲ್ಲಗೆ ಎಳೆದು ಹಿಡಿದರು. ಮಗನ ಮುಖ ನೆಟ್ಟಗಾಯಿತು. ರೀಲು ಮುಗಿದು ಬರೀ ಬೆಳಕು ಉಳಿದ ಮೇಲೂ ಅವರು ಅಂಚನ್ನು ಬಿಡಲಿಲ್ಲ.

ಸಂಜೆ ಪ್ರೊಜೆಕ್ಟರ್ ಲಾರಿ ಹತ್ತಿತು. ಅಂಗಡಿಯಲ್ಲಿ ಬೈಸಿಕೊಂಡು, ಅಲ್ಲಿಯ ಟಿವಿ, ವಿಸಿಆರ್ ಹೊತ್ತುಕೊಂಡು ಟೀಚರಮ್ಮನ ಮನೆಗೆ ಮರಳಿದೆ. ಕ್ಯಾಸೆಟ್ ಹಾಕಿದೆವು. ಹುಡುಗಿ ಅಪ್ಪನ ಮುಖಕ್ಕಿಂತ ಕಾಲನ್ನೇ ನೋಡಿದಳು. "ಅಣ್ಣಾ, ಇನ್ನೊಂದ್ ಸಲ. ಈಗ ಹರಿಯಂಗಿಲ್ಲಲ್ಲ?" ಎಂದಳು. ಹರಿಯುವುದಿಲ್ಲ ಎಂದೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಯಾವ ಗುಂಡಿಯನ್ನೂ ಒತ್ತಿಲ್ಲ. ಊರೆಲ್ಲ ಶಪಿಸುವ ಆ ಡಲ್ಲು ಕರೆಂಟಿಗೆ, ನನ್ನ ಮರೆವಿಗೆ, ಮಡಿ ಸಡಿಲಿಸದೆಯೇ ದಾರಿ ಬಿಟ್ಟ ತಾತನಿಗೆ, ಹೆಸರು ಕೆಟ್ಟವನನ್ನು ಕರೆದು ನಂಬಿದ ಆ ತಾಯಿಗೆ ನಾನು ಇವತ್ತಿಗೂ ಋಣಿ.

ಆಮೇಲೆ ಹುಡುಗಿ ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಎಡಭುಜ ಇಳಿಸಿ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದಳು.

"ಅಯ್ಯ, ಅತ್ತಿ ಮನ್ಯಾಗ ಹಂಗ ನಡೀಬ್ಯಾಡ ನಮ್ಮವ್ವಾ," ಎಂದು ಟೀಚರಮ್ಮ ನಗುತ್ತಾ ಕಣ್ಣೊರೆಸಿಕೊಂಡರು. ಮರುಕ್ಷಣವೇ, "ಇಲ್ಲಾ, ನಡಿ. ಹಂಗೇ ನಡಿ," ಎಂದರು.