ಸೆಲೀನ್ ಟೀಚರ್ ಹಾಕಿದ ಸೂಚ್ಯಂಕ

ಕಾರ್ಕಳದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಸೆಲೀನ್ ಮೆಂಡೋನ್ಸಾ ಗಣಿತ. ನಾನು ಪೆರ್ಡೂರಿನವಳು, ಅವರು ಶಂಕರಪುರದವರು. ದಿನಾ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತಾದ್ದರಿಂದ ಆನೆಕೆರೆಯ ಹತ್ತಿರ ಒಂದೇ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಜೊತೆಗಿದ್ದೆವು. ವಯಸ್ಸಿನಲ್ಲಿ ಅವರು ನನಗಿಂತ ಏಳು ವರ್ಷ ದೊಡ್ಡವರು. ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ಸರಸ ಎಂದು.

ಅವರಿಗೆ ಒಬ್ಬನೇ ತಮ್ಮ, ಬೆಂಜಮಿನ್. ತಂದೆ ಹೋದಾಗ ಅವನಿಗೆ ನಾಲ್ಕು ವರ್ಷವಂತೆ. ತಾಯಿ ಡುಲ್ಸಿನ್‌ಬಾಯಿ ಮಲ್ಲಿಗೆ ಕಟ್ಟಿ ಮನೆ ನಡೆಸಿದರು. ತಮ್ಮನಿಗೆ ಮಗ್ಗಿ ಕಲಿಸಿದ್ದು, ಟೀಚರ್ ಟ್ರೈನಿಂಗ್ ಮುಗಿಸಿ ಸಂಬಳ ಬಂದ ಮೇಲೆ ಅವನ ಶಾಲೆಯ ಫೀಸು ಕಟ್ಟಿದ್ದು ಸೆಲೀನ್. ಹದಿನೆಂಟಕ್ಕೆ ಅವನು ಬೊಂಬಾಯಿಗೆ ಹೋಗಿ ಒಬ್ಬ ಷೇರು ದಲ್ಲಾಳಿಯ ಆಫೀಸಿನಲ್ಲಿ ಗುಮಾಸ್ತನಾದ. 1958ರಲ್ಲಿ ಟೈಪ್‌ರೈಟರ್ ಒಂದನ್ನು ಹೊತ್ತುಕೊಂಡು ಹಿಂದೆ ಬಂದ. ಉಡುಪಿ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯ ಮಹಡಿಯಲ್ಲಿ ಕೋಣೆ ಹಿಡಿದು ಷೇರು ಏಜೆಂಟ್ ಎಂದು ಬೋರ್ಡು ಹಾಕಿದ. ಊರಿನವರ ಹಣ ಬೊಂಬಾಯಿಯ ದಲ್ಲಾಳಿಗೆ ಕಳಿಸಿ ಷೇರು ತರಿಸಿಕೊಡುವುದು, ಕಮಿಷನ್ ತೆಗೆದುಕೊಳ್ಳುವುದು ಅವನ ಕೆಲಸ.

ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಅವನು ಅಕ್ಕನ ಮುಂದೆ ಪತ್ರಿಕೆ ಹರಡಿದನಂತೆ. ಅಕ್ಕನನ್ನು ಅವನು ‘ಬಾಯ್’ ಎಂದು ಕರೆಯುತ್ತಿದ್ದ. "ಪೇಟೆ ಏರಿತು ಎಂದು ಜನ ಹೇಳುತ್ತಾರಲ್ಲ ಬಾಯ್, ಯಾವ ಪೇಟೆ? ಒಬ್ಬನ ಗಿರಣಿ ಏರಿರುತ್ತದೆ, ಇನ್ನೊಬ್ಬನದು ಇಳಿದಿರುತ್ತದೆ. ಎಲ್ಲರೂ ನೋಡುವಂಥ ಒಂದು ಅಂಕೆ ಬೇಕು. ನೀನು ಹಾಕಿಕೊಟ್ಟರೆ ಜನ ನಂಬುತ್ತಾರೆ."

ಲೆಕ್ಕ ಹಾಕುವ ಕ್ರಮವನ್ನು ಅವನೇ ವಿವರಿಸಿದ. ಇಪ್ಪತ್ತು ಕಂಪೆನಿಗಳನ್ನು ಆರಿಸಬೇಕು: ಹತ್ತಿ ಗಿರಣಿ, ಸೆಣಬು, ಸಕ್ಕರೆ, ಸಿಮೆಂಟು, ಉಕ್ಕು, ಹೀಗೆ ಎಲ್ಲ ಬಗೆಯವು. 1959ರ ಜನವರಿ ಮೊದಲ ವಾರದಲ್ಲಿ ಪ್ರತಿಯೊಂದರ ಬೆಲೆ ಎಷ್ಟೇ ಇರಲಿ, ಅದನ್ನು ನೂರು ಎಂದು ಇಟ್ಟುಕೊಳ್ಳಬೇಕು. ಆಮೇಲೆ ವಾರವಾರವೂ ಪ್ರತಿಯೊಂದು ಆ ನೂರಕ್ಕೆ ಎಷ್ಟಾಯಿತೆಂದು ನೋಡಿ, ಇಪ್ಪತ್ತನ್ನೂ ಕೂಡಿಸಿ, ಇಪ್ಪತ್ತರಿಂದ ಭಾಗಿಸಬೇಕು. ಬಂದ ಅಂಕೆಯೇ ಸೂಚ್ಯಂಕ.

ಟೀಚರಿಗೆ ಇದು ಬಹಳ ಹಿಡಿಸಿತು. ಬೊಂಬಾಯಿಯ ಇಂಗ್ಲಿಷ್ ಪತ್ರಿಕೆ ಎರಡು ದಿನ ತಡವಾಗಿ ಕಾರ್ಕಳಕ್ಕೆ ಬರುತ್ತಿತ್ತು. ಶನಿವಾರದ ಪತ್ರಿಕೆ ಸೋಮವಾರ ಸಂಜೆ ಕೈಗೆ ಸಿಕ್ಕರೆ, ಚಹಾ ಕುಡಿದ ಲೋಟ ಪಕ್ಕಕ್ಕೆ ಸರಿಸಿ ಕೂತುಬಿಡುತ್ತಿದ್ದರು. ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಮುಟ್ಟದೆ ಬಿಡುತ್ತಿರಲಿಲ್ಲ. ನಾನು ಎದುರು ಕೂತು ಅಂಕೆ ಓದಿ ಹೇಳಬೇಕು, ಅವರು ಬರೆಯುತ್ತಿದ್ದರು. 1960ರಲ್ಲಿ ಸಿಮೆಂಟು ಕಂಪೆನಿಯೊಂದು ಇನ್ನೂರ ನಲವತ್ತರಿಂದ ಒಂದೇ ವಾರದಲ್ಲಿ ನೂರ ಇಪ್ಪತ್ತೈದಕ್ಕೆ ಬಿದ್ದಿತು. ನಾನು ಗಾಬರಿಯಾದೆ. ಅವರು ಪತ್ರಿಕೆಯ ಮೂಲೆಯಲ್ಲಿದ್ದ ಸಣ್ಣ ಸುದ್ದಿಯನ್ನು ತೋರಿಸಿದರು: ಒಂದು ಷೇರಿಗೆ ಇನ್ನೊಂದನ್ನು ಪುಕ್ಕಟೆ ಕೊಟ್ಟಿದ್ದಾರೆ. ಒಂದು ಇದ್ದವನ ಕೈಯಲ್ಲಿ ಈಗ ಎರಡು, ಅಂದರೆ ಇನ್ನೂರೈವತ್ತು. ಬಿದ್ದದ್ದಲ್ಲ, ಏರಿದ್ದು. ಬೆಂಜಮಿನ್ ಇದನ್ನು ಗಮನಿಸಿಯೇ ಇರಲಿಲ್ಲ. ಟೀಚರ್ ತಿದ್ದಿ ಕಳಿಸಿದಾಗ ಅವನು ‘ನೀನು ಬೊಂಬಾಯಿಯಲ್ಲಿ ಇರಬೇಕಾದವಳು’ ಎಂದು ಕಾರ್ಡು ಬರೆದ. ಆ ಕಾರ್ಡನ್ನು ಅವರು ನನಗೆ ಮೂರು ಸಲ ಓದಿಸಿದರು.

ಅವನು ಆ ಅಂಕೆಯನ್ನು ಒಂದು ಹಾಳೆಯ ವಾರಪತ್ರದಲ್ಲಿ ಸೈಕ್ಲೋಸ್ಟೈಲ್ ಮಾಡಿ ಚಂದಾದಾರರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಕೆಳಗೆ ‘ಲೆಕ್ಕ: ಸೆಲೀನ್ ಮೆಂಡೋನ್ಸಾ, ಗಣಿತ ಅಧ್ಯಾಪಕಿ’ ಎಂದಿರುತ್ತಿತ್ತು. ಮಣಿಪಾಲದ ಡಾಕ್ಟರುಗಳು, ಉಡುಪಿಯ ಹೋಟೆಲಿನವರು, ಕಾಪುವಿನ ಮೀನಿನ ವ್ಯಾಪಾರದವರು, ಒಟ್ಟು ಎಪ್ಪತ್ತಮೂರು ಮಂದಿ. ಮೊದಲ ಎರಡು ವರ್ಷ ವಿಳಾಸಗಳನ್ನೆಲ್ಲ ಟೀಚರೇ ಬರೆದುಕೊಡುತ್ತಿದ್ದರು. ಓದುವವರು ಈ ಅಂಕೆಯ ಪಕ್ಕದಲ್ಲಿ ತಮ್ಮ ಷೇರನ್ನು ಇಟ್ಟು ನೋಡುತ್ತಿದ್ದರು: ಸೂಚ್ಯಂಕ ಎಂಟು ಏರಿದಾಗ ನನ್ನ ಗಿರಣಿ ಎರಡೇ ಏರಿತಲ್ಲ, ಇದನ್ನು ಮಾರಿ ಬೇರೆ ತೆಗೆಯಲೇ, ಎಂದು. 1961ರ ಕೊನೆಗೆ ನೂರ ಮೂವತ್ತನಾಲ್ಕು ಇತ್ತು. ಚೀನಾ ಯುದ್ಧದ ನಂತರ ಇಳಿಯುತ್ತಾ ಹೋಯಿತು. ಇಳಿಯುವ ಪೇಟೆಯಲ್ಲಿ ಷೇರು ಕೊಳ್ಳುವವರು ಯಾರು? ಬೆಂಜಮಿನ್‌ನ ಕೋಣೆಗೆ ಜನ ಬರುವುದು ಕಡಿಮೆಯಾಯಿತು.

1964ರ ಜನವರಿಯಲ್ಲಿ ಅವನು ಕಾರ್ಕಳಕ್ಕೆ ಬಂದ. ಪಟ್ಟಿಯಲ್ಲಿನ ಐದು ಕಂಪೆನಿಗಳು ಸತ್ತಂತಾಗಿವೆ, ಅವನ್ನು ಕೈಬಿಟ್ಟು ಹೊಸ ಐದನ್ನು ಸೇರಿಸು ಎಂದ. ಅದು ತಪ್ಪಲ್ಲ, ಆದರೆ ಒಂದು ಕ್ರಮ ಉಂಟು: ಬದಲಾಯಿಸಿದ ದಿನ ಅಂಕೆ ಇದ್ದಲ್ಲೇ ಇರಬೇಕು, ಹೊಸವು ಅಲ್ಲಿಂದ ಮುಂದಕ್ಕೆ ಮಾತ್ರ ಲೆಕ್ಕಕ್ಕೆ ಬರಬೇಕು. ಟೀಚರ್ ಹಾಗೆಯೇ ಮಾಡಿದರು. ಆ ದಿನದ ಅಂಕೆ ನೂರ ಹನ್ನೆರಡು. ಅವನು ಇನ್ನೊಂದು ಲೆಕ್ಕವನ್ನೂ ಕೇಳಿದ. ಈ ಹೊಸ ಐದೂ 1959ರಿಂದಲೇ ಪಟ್ಟಿಯಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ತನಗೆ ತಿಳಿಯಬೇಕಂತೆ, ತನ್ನ ಸ್ವಂತ ಅಭ್ಯಾಸಕ್ಕೆ. ಟೀಚರ್ ಹಾಕಿದರು, ನೂರ ಐವತ್ತೆಂಟು ಬಂತು. ಹಾಳೆಯ ತಲೆಗೆ ‘ಪ್ರಕಟಣೆಗೆ ಅಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು.

ಮುಂದಿನ ತಿಂಗಳಿನಿಂದ ನಮಗೆ ವಾರಪತ್ರ ಬರಲಿಲ್ಲ. ಕಾಗದ ದುಬಾರಿಯಾಗಿದೆ, ಸ್ವಲ್ಪ ಕಾಲ ನಿಲ್ಲಿಸಿದ್ದೇನೆ, ನೀನು ಮಾತ್ರ ಲೆಕ್ಕ ಬಿಡಬೇಡ ಎಂದು ಅವನು ಬರೆದ. ಟೀಚರ್ ಬಿಡಲಿಲ್ಲ.

ಆಗಸ್ಟ್ ತಿಂಗಳಲ್ಲಿ, ದೋಣಿಗಳೆಲ್ಲ ದಡದಲ್ಲಿದ್ದಾಗ, ಕಾಪುವಿನಿಂದ ಹೂವಪ್ಪ ಎಂಬವರು ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಐವತ್ತರ ಹತ್ತಿರದ ಮನುಷ್ಯ, ಸ್ವಂತ ದೋಣಿ, ಮಾತು ಕಡಿಮೆ. ಇಂಜಿನಿನ ದೋಣಿಗೆಂದು ಕೂಡಿಸಿಟ್ಟ ಹಣವನ್ನು ಫೆಬ್ರವರಿಯಲ್ಲಿ ಬೆಂಜಮಿನ್‌ನ ಮೂಲಕ ಷೇರಿಗೆ ಹಾಕಿದ್ದರು. ಹೆಚ್ಚಿನ ಪಾಲು ಸೂಚ್ಯಂಕದ ಪಟ್ಟಿಯಲ್ಲಿಲ್ಲದ ಒಂದು ಹೊಸ ಪೈಪು ಕಂಪೆನಿಯದು. ಅದು ಇಳಿಯುತ್ತಲೇ ಇತ್ತು. ಕೂತುಕೊಳ್ಳಿ ಎಂದರೂ ಕೂರದೆ ಕೇಳಿದರು: "ಟೀಚರೇ, ನಿಮ್ಮ ಅಂಕೆ ಏರಿದೆ ಅಂತ ಉಂಟು, ನನ್ನದು ಇಳಿದಿದೆ. ನನ್ನ ತಲೆಗೆ ಹೋಗುವ ಹಾಗೆ ಎಂತ ಅಂತ ಹೇಳಿ."

ಸೂಚ್ಯಂಕ ಏರಿಲ್ಲ, ಇಳಿದಿದೆ ಎಂದರು ಟೀಚರ್. ಹೂವಪ್ಪ ಅಂಗಿಯ ಕಿಸೆಯಿಂದ ಮಡಚಿದ ವಾರಪತ್ರ ತೆಗೆದು ಮೇಜಿನ ಮೇಲೆ ಇಟ್ಟರು. ಹಿಂದಿನ ವಾರದ್ದು. ‘ಐದು ವರ್ಷಗಳಲ್ಲಿ ನೂರು ನೂರ ಐವತ್ತೆಂಟಾಗಿದೆ’ ಎಂದು ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ ಟೀಚರ ಹೆಸರು ಎಂದಿನಂತೆಯೇ ಇತ್ತು.

ಟೀಚರ್ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ನಾನೇ ಹೋಗಿ ನೀರು ತಂದುಕೊಟ್ಟೆ. ಆಮೇಲೆ ಹೂವಪ್ಪನವರನ್ನು ಕೂರಿಸಿ, ಪಾಠ ಹೇಳುವ ದನಿಯಲ್ಲಿಯೇ ಹೇಳಿದರು. "ಹೂವಪ್ಪಣ್ಣ, ಈ ವರ್ಷ ನೀವು ಹಿಡಿದ ಬಂಗುಡೆ ಮೀನಿಗೆ ಒಳ್ಳೆಯ ದರ ಸಿಕ್ಕಿತು, ಬೂತಾಯಿ ಮೀನಿಗೆ ದರ ಸಿಗದೆ ಗೊಬ್ಬರಕ್ಕೆ ಹಾಕಿದಿರಿ ಎಂದು ಇಟ್ಟುಕೊಳ್ಳಿ. ವರ್ಷದ ಕೊನೆಗೆ ಒಬ್ಬ ಬಂದು ಬೂತಾಯಿಯನ್ನು ಪುಸ್ತಕದಿಂದ ಅಳಿಸಿ, ಅದರ ಜಾಗದಲ್ಲಿ ನೀವು ಹಿಡಿಯದೇ ಇದ್ದ ದುಬಾರಿ ಮಾಂಜಿ ಮೀನಿನ ದರ ಬರೆದು, ನೋಡಿ ಎಷ್ಟು ಲಾಭ ಎಂದರೆ? ಇದು ಹಾಗೆ. ಏರಿವೆ ಎಂದು ಗೊತ್ತಾದ ಮೇಲೆ ಆರಿಸಿದ ಕಂಪೆನಿಗಳು ಇವು."

ಹೂವಪ್ಪ ವಾರಪತ್ರವನ್ನು ಮತ್ತೆ ಮಡಚಿದರು. "ಹಾಗಾದರೆ ಅಳಿಸಿದ್ದು ಯಾರು?" ಎಂದು ಕೇಳಿದರು.

"ಲೆಕ್ಕ ಹಾಕಿದ್ದು ನಾನು," ಎಂದರು ಟೀಚರ್. ತಮ್ಮನ ಹೆಸರು ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಉಡುಪಿ ಬಸ್ಸು ಹತ್ತಿದೆವು. ಒಬ್ಬರೇ ಹೋಗುವುದು ಬೇಡ ಎಂದು ನಾನೂ ಹೋದೆ. ದಾರಿಯುದ್ದಕ್ಕೂ ಅವರು ಅವನ ಪರವಾಗಿಯೇ ಯೋಚಿಸುತ್ತಿದ್ದರು: ಟೈಪ್ ಮಾಡುವವನು ತಪ್ಪು ಹಾಳೆ ತೆಗೆದುಕೊಂಡಿರಬಹುದು, ಬೆಂಜಮಿನ್ ಗಮನಿಸಿರಲಿಕ್ಕಿಲ್ಲ. ಮಹಡಿ ಹತ್ತುವವರೆಗೂ ಅದೇ ಮಾತು.

ಅವನು ಗಾಬರಿಯಾಗಲಿಲ್ಲ. ನಮಗೆ ಕುರ್ಚಿ ಕೊಟ್ಟ, ಕೆಳಗಿನಿಂದ ಕಾಫಿ ತರಿಸಿದ. "ಒಂದು ಅಂಕೆಯನ್ನೂ ನಾನು ತಿದ್ದಿಲ್ಲ ಬಾಯ್. ಎಲ್ಲಾ ನೀನು ಹಾಕಿದ್ದೇ. ತಪ್ಪು ಲೆಕ್ಕ ಅಂತ ನೀನೇ ಹೇಳಲಿಕ್ಕೆ ಆಗುತ್ತದಾ?"

ತಾನು ಬರೆದ ಕೆಂಪು ಅಕ್ಷರ ಎಲ್ಲಿ ಹೋಯಿತು ಎಂದು ಕೇಳಿದರು ಅವರು. ಅವನು ನಕ್ಕ. ಪೈಪು ಕಂಪೆನಿಯ ಷೇರು ಮಾರಿದ್ದಕ್ಕೆ ಬೊಂಬಾಯಿಯಿಂದ ಬೇರೆಯೇ ಕಮಿಷನ್ ಉಂಟೆಂದೂ, ಇನ್ನು ಒಂದೂವರೆ ತಿಂಗಳು ಸುಮ್ಮನಿದ್ದರೆ ಉಳಿದ ಷೇರೂ ಹೋಗುತ್ತದೆಂದೂ, ಆಮೇಲೆ ಹಳೆಯ ಲೆಕ್ಕವನ್ನೇ ಹಾಕೋಣವೆಂದೂ ಹೇಳಿದ. ಜನವರಿಯಿಂದ ಎಷ್ಟು ಮಂದಿ ಕೊಂಡಿದ್ದಾರೆ ಎಂದು ಟೀಚರ್ ಕೇಳಿದರು. ನಲವತ್ತೊಂದು.

ಕೆಳಗಿಳಿದ ಮೇಲೆ ಅವರು ನನ್ನ ಹತ್ತಿರ ಒಂದೇ ಮಾತು ಹೇಳಿದರು. "ಬೇರೆ ಯಾರ ಹತ್ತಿರವಾದರೂ ಲೆಕ್ಕ ಮಾಡಿಸಬಹುದಿತ್ತು ಸರಸ. ಸುಳ್ಳು ಅಂಕೆ ಹಾಕಲಿಕ್ಕೆ ಗಣಿತ ಬೇಕಾ? ನಾನು ಪ್ರಶ್ನೆ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು."

ಮುಂದಿನ ಹತ್ತು ದಿನ ನಾವಿಬ್ಬರೂ ಕೂತು ಎಪ್ಪತ್ತಮೂರು ಪತ್ರ ಬರೆದೆವು. ವಿಳಾಸಗಳು ಅವರ ಹಳೆಯ ಪುಸ್ತಕದಲ್ಲಿದ್ದವು. ಅಚ್ಚಾದ ನೂರ ಐವತ್ತೆಂಟು ತನ್ನ ಲೆಕ್ಕವೇ, ಆದರೆ 1959ರಲ್ಲಿ ಯಾರೂ ಆ ಪಟ್ಟಿಯನ್ನು ಹಿಡಿದು ಷೇರು ಕೊಂಡಿರಲಿಲ್ಲ, ಆದ್ದರಿಂದ ಅದು ಯಾರಿಗೂ ಆದ ಲಾಭವಲ್ಲ, ಜನವರಿಯ ನಿಜವಾದ ಸೂಚ್ಯಂಕ ನೂರ ಹನ್ನೆರಡು, ಈ ವಾರದ್ದು ನೂರ ಏಳು, ಎಂದು. ಐದು ಕಂಪೆನಿಗಳ ಹೆಸರನ್ನೂ ಕೊಟ್ಟರು. ತಮ್ಮನ ಬಗ್ಗೆ ಒಂದು ಶಬ್ದವೂ ಇರಲಿಲ್ಲ. ಕೊನೆಗೆ ರುಜು.

ಉತ್ತರ ಬರೆದವರು ಒಂಬತ್ತು ಮಂದಿ. ಮಣಿಪಾಲದ ಒಬ್ಬರು, ಅಕ್ಕ ತಮ್ಮಂದಿರ ಜಗಳಕ್ಕೆ ನಮ್ಮನ್ನು ಎಳೆಯಬೇಡಿ ಎಂದು ಬರೆದರು. ಇನ್ನೊಬ್ಬರು ಶಾಲೆಯವರೆಗೆ ಬಂದು, ಇಷ್ಟು ವರ್ಷ ಪಾಲು ತಿಂದು ಈಗ ಸಾಧ್ವಿಯಾಗುತ್ತೀರಾ ಎಂದು ವರಾಂಡದಲ್ಲಿ ನಿಂತು ಕೇಳಿದರು. ಟೀಚರ್ ಒಂದು ಪೈಸೆಯನ್ನೂ ತೆಗೆದುಕೊಂಡಿರಲಿಲ್ಲ ಎಂದು ನಾನು ಹೇಳಹೋದರೆ ಟೀಚರ್ ನನ್ನ ಕೈ ಹಿಡಿದು ತಡೆದರು.

ಬೆಂಜಮಿನ್ ಆ ನವೆಂಬರಿನಲ್ಲಿ ಬೋರ್ಡು ತೆಗೆದು ಬೊಂಬಾಯಿಗೆ ಹೋದ. ಶಂಕರಪುರದ ಮನೆಯಲ್ಲಿ ಡುಲ್ಸಿನ್‌ಬಾಯಿ ಮಗಳಿಗೆ, ನಿನ್ನ ತಮ್ಮನನ್ನು ಊರಿನ ಮುಂದೆ ಕಳ್ಳನ ಹಾಗೆ ನಿಲ್ಲಿಸಿದಿ, ಈ ಕ್ರಿಸ್ಮಸ್‌ಗೆ ಬರಬೇಡ ಎಂದರು. ತಾಯಿಯ ಮಾತು ಅವರಿಗೆ ತಮ್ಮನ ಕೆಲಸಕ್ಕಿಂತ ಹೆಚ್ಚು ತಾಗಿತೆಂದು ನನಗೆ ಕಂಡಿತು. ಆ ಹಬ್ಬಕ್ಕೆ ಅವರು ಕಾರ್ಕಳದಲ್ಲೇ ಉಳಿದರು. ನಾನೂ ಪೆರ್ಡೂರಿಗೆ ಹೋಗಲಿಲ್ಲ.

ಹೂವಪ್ಪ ಮರುವರ್ಷ ಮೂರರಲ್ಲಿ ಒಂದು ಪಾಲು ಕಳೆದುಕೊಂಡು ಷೇರು ಮಾರಿದರು. ಇಂಜಿನಿನ ದೋಣಿ ಬರಲಿಲ್ಲ. ಹಳೆಯದಕ್ಕೇ ಹಲಗೆ ಹಾಕಿಸಿದರು. ಉಳಿದ ಹಣವನ್ನು ಎಲ್ಲಿ ಇಡುವುದು ಒಳ್ಳೆಯದೆಂದು ಲೆಕ್ಕ ಹಾಕಿಕೊಡುತ್ತೇನೆ ಎಂದು ಟೀಚರ್ ಹೇಳಿಕಳಿಸಿದ್ದರು. ಹೂವಪ್ಪ ಒಂದು ದಿನ ಬಂದು, ನಿಮ್ಮ ಲೆಕ್ಕ ಸರಿ ಇರಬಹುದು, ನನಗೆ ಅದು ಬೇಡ ಎಂದು ಮೆಲ್ಲಗೆ ಹೇಳಿ ಹೋದರು. ಸಿಟ್ಟು ಇರಲಿಲ್ಲ.

1968ರಲ್ಲಿ ಡುಲ್ಸಿನ್‌ಬಾಯಿ ತೀರಿಕೊಂಡರು. ಬೆಂಜಮಿನ್ ಬಂದ, ಮೈ ತುಂಬಿಕೊಂಡಿದ್ದ, ಅಳುತ್ತಿದ್ದ. ಟೀಚರ್ ಅವನ ತಲೆ ಸವರಿದ್ದನ್ನು ನಾನು ಕಂಡೆ. ಮೂರನೆಯ ದಿನ ಅವನು ಹೊರಗಿನ ಜಗಲಿಯಲ್ಲಿ ಅಕ್ಕನ ಪಕ್ಕ ಬಂದು ಕೂತ. ಮಂಗಳೂರಿನಲ್ಲಿ ಆಫೀಸು ತೆರೆಯುತ್ತಾನಂತೆ, ದೊಡ್ಡದು. "ಸೂಚ್ಯಂಕ ನೀನೇ ಹಾಕಬೇಕು ಬಾಯ್. ಆ ಪತ್ರ ಬರೆದ ಮೇಲೆ ನಿನ್ನ ಹೆಸರಿನ ಮೇಲೆ ಜನರಿಗೆ ಇನ್ನೂ ಹೆಚ್ಚು ನಂಬಿಕೆ ಉಂಟು. ಎಲ್ಲರೂ ಅದನ್ನೇ ಹೇಳುತ್ತಾರೆ."

ಅವರು ಅವನ ಮುಖವನ್ನು ನೋಡಿದರು. ಅವನು ತಮಾಷೆ ಮಾಡುತ್ತಿರಲಿಲ್ಲ. ಅಕ್ಕನಿಗೆ ಸಂತೋಷವಾಗುತ್ತದೆಂದೇ ತಿಳಿದಿದ್ದ.

"ನಿನಗೆ ಊಟ ಬಡಿಸುತ್ತೇನೆ ಬೆಂಜಮಿನ್, ಎಷ್ಟು ದಿನ ಬೇಕಾದರೂ ಇರು," ಎಂದರು. "ಲೆಕ್ಕ ಮಾತ್ರ ಕೇಳಬೇಡ."

ಅವನು ಮರುದಿನವೇ ಹೋದ. ಟೀಚರ್ ಮನೆಗೆ ಬೀಗ ಹಾಕಿ, ತಾಯಿಯ ಮಲ್ಲಿಗೆ ಗಿಡಗಳನ್ನು ನೆರೆಮನೆಯ ಪ್ರೆಸಿಲ್ಲಾಳಿಗೆ ನೋಡಿಕೊಳ್ಳಲು ಒಪ್ಪಿಸಿ, ನನ್ನ ಜೊತೆ ಕಾರ್ಕಳದ ಬಸ್ಸು ಹತ್ತಿದರು. ಸೋಮವಾರ ಏಳನೆಯ ತರಗತಿಗೆ ಪರೀಕ್ಷೆ ಇತ್ತು; ಬಸ್ಸಿನಲ್ಲಿ ಕೂತು ಪ್ರಶ್ನೆ ಬರೆಯಲು ಶುರು ಮಾಡಿದರು. ಬೆಳ್ಮಣ್ಣು ದಾಟಿದ ಮೇಲೆ ಪೆನ್ಸಿಲು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಕಾರ್ಕಳ ಬರುವವರೆಗೂ ಪ್ರಶ್ನೆಯ ಹಾಳೆಯನ್ನು ನಾನು ನನ್ನ ಮಡಿಲಲ್ಲಿ ಹಿಡಿದುಕೊಂಡಿದ್ದೆ.