ಮೊಟ್ಟೆ ಬೇಯುವ ನೀರಿನ ಹರಳು

ಜಿಯಪ್ ಎಂದರೆ ಚಿಯಾಂಗ್ ಮಾಯ್ ಕಡೆಯ ಮಾತಿನಲ್ಲಿ ಕೋಳಿಮರಿಯ ಚಿಲಿಪಿಲಿ. ಹೆಸರಿಟ್ಟವಳು ಅಜ್ಜಿ. ಒಂದು ಗಳಿಗೆ ಸುಮ್ಮನಿರದ ಆ ಕೂಸಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಕಾಗದಪತ್ರಗಳಲ್ಲಿ ಅವಳು ಡಾಕ್ಟರ್ ಸುವಿಮೋನ್, ಜೀವರಸಾಯನ ವಿಜ್ಞಾನಿ. ಆದರೆ ಚಿಯಾಂಗ್ ಮಾಯ್‌ನ ಪ್ರಯೋಗಾಲಯದಲ್ಲಿ ನಲವತ್ತರ ಹೊಸ್ತಿಲಲ್ಲೂ ಅವಳು ಎಲ್ಲರಿಗೂ ಜಿಯಪ್ಪೇ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹೆಂಗಸು.

ಅವಳ ತಾಯಿ ಲಮ್‌ದುವಾನ್ ಊರಾಚೆಯ ಬಿಸಿನೀರಿನ ಬುಗ್ಗೆಯ ಬಳಿ ಮೊಟ್ಟೆ ಮಾರುತ್ತಾಳೆ. ಪುಟ್ಟ ಬಿದಿರುಬುಟ್ಟಿಯಲ್ಲಿ ಮೊಟ್ಟೆ ಕೊಂಡವರು ಅದನ್ನು ಬುಗ್ಗೆಗೆ ಇಳಿಬಿಟ್ಟು, ಬೆಂದ ಮೇಲೆ ಸೋಯಾ ರಸ ಹಾಕಿಕೊಂಡು ತಿನ್ನುತ್ತಾರೆ. ಚಿಕ್ಕಂದಿನಲ್ಲಿ ಜಿಯಪ್‌ಗೆ ಗಿರಾಕಿಗಳ ಬುಟ್ಟಿ ಕಾಯುವ ಕೆಲಸ. ಬೆಂದಿತೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿ, ಅರೆಬೆಂದ ಮೊಟ್ಟೆಗಳನ್ನೇ ಗಿರಾಕಿಗಳ ಕೈಗಿಟ್ಟು, ಅಮ್ಮನಿಂದ ಬೈಸಿಕೊಳ್ಳುತ್ತಿದ್ದಳು.

ಅವಳ ಜೀವಮಾನದ ಪ್ರಶ್ನೆ ಹುಟ್ಟಿದ್ದೂ ಅದೇ ಬುಗ್ಗೆಯಲ್ಲಿ. ಮೊಟ್ಟೆಯ ಬಿಳಿ ಎಂದರೆ ಪ್ರೋಟೀನು. ಬಿಸಿ ತಾಗಿದರೆ ಅದರ ಮಡಿಕೆಗಳು ಬಿಚ್ಚಿ, ಒಂದಕ್ಕೊಂದು ಸಿಕ್ಕು ಬಿದ್ದು ಗಟ್ಟಿಯಾಗುತ್ತದೆ. ಬೆಂದ ಮೊಟ್ಟೆ ತಣಿಸಿದರೆ ಹಸಿಯಾಗುವುದಿಲ್ಲ. ಆದರೆ ಅದೇ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ ಹಾಯಾಗಿ ಸಂಸಾರ ಹೂಡಿದೆ. ಪಿಷ್ಟವನ್ನು ತುಂಡರಿಸುವ ಅದರ ಕಿಣ್ವವೂ ಪ್ರೋಟೀನೇ, ಆದರೂ ಅದರ ಮಡಿಕೆ ಬಿಚ್ಚುವುದಿಲ್ಲ. ಯಾಕೆ? ಹೇಗೆ ಮಡಚಿಕೊಂಡಿದೆ ಎಂದು ಕಾಣಬೇಕಾದರೆ ಕಿಣ್ವವನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷ-ಕಿರಣ ಹಾಯಿಸಬೇಕು. ಹರಳು ಕಟ್ಟಬೇಕಾದರೆ ಕಿಣ್ವ ಕರಗಿದ ಹನಿಯನ್ನು ಅಲುಗಾಡಿಸದೆ ಬಿಡಬೇಕು. ಬಿಡುವುದೊಂದೇ ಜಿಯಪ್‌ಗೆ ಬಾರದ ವಿದ್ಯೆ.

ವರ್ಷಗಟ್ಟಲೆ ಕಾಲು ಸುಟ್ಟ ಬೆಕ್ಕಿನಂತೆ ಹರಳಿನ ಕಪಾಟಿನ ಸುತ್ತ ತಿರುಗಿದಳು. ಹನಿಗಳಿದ್ದ ತಟ್ಟೆಗಳನ್ನು ಹೊರಗೆ ತೆಗೆದು ನೋಡುವಳು, ಒಳಗಿಡುವಳು, ಮತ್ತೆ ತೆಗೆಯುವಳು. ಹನಿಗಳು ಕದಡಿ ಮಡ್ಡಿಯಾಗುತ್ತಿದ್ದವು. ಮಗಳಿಗೆ ಅವಳ ಹರಳು ಕಾಣಿಸಿದರೆ ಒಂದು ಬುಟ್ಟಿ ಮೊಟ್ಟೆ ಒಪ್ಪಿಸುತ್ತೇನೆ ಎಂದು ಲಮ್‌ದುವಾನ್ ಬುಗ್ಗೆಯ ಪಕ್ಕದ ಗುಡಿಯ ದೇವತೆಗೆ ಹರಕೆ ಹೊತ್ತಳು. ಜಿಯಪ್ ನಕ್ಕಳು.

ಹೊಸ ವರ್ಷದ ಸೊಂಕ್ರಾನ್ ಹಬ್ಬ ಹತ್ತಿರ ಬಂದಾಗ ಹರಳು ಕಂಡಿತು. ಒಂದೇ ಒಂದು. ಅಂಚುಗಳು ಕೊಯ್ದಿಟ್ಟ ಹಾಗೆ ಚೂಪು.

ಆಗಲೇ ನಿಜವಾದ ಸಂಕಟ ಶುರುವಾಯಿತು. ಹನಿಯಲ್ಲಿ ಕಿಣ್ವದ ಜೊತೆ ಉಪ್ಪೂ ಇರುತ್ತದೆ, ಉಪ್ಪಿನ ಹರಳೂ ಅಷ್ಟೇ ಚೆಂದ. ಆ ಪ್ರಯೋಗಾಲಯದಲ್ಲಿ ತಿಳಿಯುವ ದಾರಿ ಒಂದೇ, ಸೂಜಿಯಿಂದ ಚುಚ್ಚುವುದು. ಉಪ್ಪಾದರೆ ಗರಕ್ಕೆಂದು ಸಿಡಿಯುತ್ತದೆ, ಪ್ರೋಟೀನಾದರೆ ಮೆತ್ತಗೆ ಕುಸಿಯುತ್ತದೆ. ಎರಡರಲ್ಲೂ ಹರಳು ಹಾಳು. ಹಬ್ಬ ಕಳೆದ ಮೇಲೆ ದೂರದ ಕೊರಾಟ್‌ನಲ್ಲಿ ಅವರ ತಂಡಕ್ಕೆ ಕ್ಷ-ಕಿರಣದ ಯಂತ್ರ ಬಳಸಲು ಒಂದು ದಿನ ಸಿಕ್ಕಿತ್ತು. ವರ್ಷಕ್ಕೊಮ್ಮೆ ಸಿಗುವ ದಿನ. ಅದಕ್ಕಾಗಿ ಇನ್ನೊಬ್ಬ ಸಹೋದ್ಯೋಗಿಯೂ ಹರಳು ಹಿಡಿದು ಕಾಯುತ್ತಿದ್ದ.

ಮುಖ್ಯಸ್ಥರಾದ ಆಚಾನ್ ವಿಥೂನ್ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತರು. ಆಚಾನ್ ಎಂದರೆ ಗುರುಗಳು. ಸಿಟ್ಟು ಬಂದರೆ ಅವರ ದನಿ ಇನ್ನೂ ತಗ್ಗುತ್ತದೆ.

"ಚುಚ್ಚಬೇಡ. ಆ ದಿನ ನಿಂದೇ ಅಂದ್ಕೋ. ಹಂಗೇ ತಗೊಂಡು ಹೋಗು, ಉಪ್ಪಾದ್ರೆ ಉಪ್ಪು."

"ಉಪ್ಪಾದ್ರೆ ಅವನ ದಿನಾನೂ ನಾನೇ ತಿಂದ ಹಾಗೆ ಆಗುತ್ತಲ್ಲ ಆಚಾನ್."

ಅದು ಅರ್ಧ ನಿಜ. ಉಳಿದರ್ಧ ಅವಳಿಗೂ ಗೊತ್ತಿತ್ತು: ಏನೆಂದು ತಿಳಿಯದೆ ಅಷ್ಟು ದೂರ ಬಸ್ಸಿನಲ್ಲಿ ಕೂರುವುದು ಅವಳಿಂದ ಆಗದ ಕೆಲಸ. ಆಚಾನ್ ಊಟಕ್ಕೆ ಹೋದಾಗ ಅವಳು ಸೂಜಿ ಎತ್ತಿಕೊಂಡಳು.

ಸದ್ದಾಗಲಿಲ್ಲ. ಹರಳು ಮೆತ್ತಗೆ ಕುಸಿದು ಪುಡಿಯಾಯಿತು. ಕಿಣ್ವದ್ದೇ. ಜಿಯಪ್ ಸೂಕ್ಷ್ಮದರ್ಶಕದ ಮೇಲೆ ಹಣೆಯಿಟ್ಟು ಅತ್ತಳು. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಿದ್ದರೆ ಅವಳೇ ಹೇಳಲಾರಳು. ಆಚಾನ್ ಬಂದವರು ಕ್ಷ-ಕಿರಣದ ದಿನವನ್ನು ಸಹೋದ್ಯೋಗಿಗೆ ಬರೆದುಕೊಟ್ಟರು.

ಅಳು ನಿಂತ ಮೇಲೆ ಆ ಕಸುಬಿನವರು ಮಾಡುವುದನ್ನೇ ಮಾಡಿದಳು. ಪುಡಿಯನ್ನು ಬಿಸಾಡಲಿಲ್ಲ. ಹರಳಿನ ಚೂರು ಹೊಸ ಹನಿಗೆ ಹೆಪ್ಪಿದ್ದ ಹಾಗೆ, ಅದನ್ನು ಹಿಡಿದೇ ಅದೇ ಬಗೆಯ ಹೊಸ ಹರಳು ಬೆಳೆಯುತ್ತದೆ. ಸಾಲು ಸಾಲು ಹನಿಗಳಿಗೆ ಚೂರಿನ ನೀರು ಬೆರೆಸಿ, ತಟ್ಟೆಗಳನ್ನು ಕಪಾಟಿಗೆ ಸೇರಿಸಿ, ಬೀಗ ಹಾಕಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟಳು. ಹಬ್ಬ ಮುಗಿಯುವವರೆಗೆ ತಾನೇ ಕೇಳಿದರೂ ಕೊಡಕೂಡದು ಎಂದಳು.

ಲಮ್‌ದುವಾನ್ ಕೀಲಿ ಇಸಿದುಕೊಂಡು, ಹರಕೆಯ ಮೊಟ್ಟೆ ಬುಟ್ಟಿಯನ್ನೂ ಎತ್ತಿಕೊಂಡಳು. ಹರಳೇ ಉಳಿಯಲಿಲ್ಲ, ಹರಕೆ ಯಾಕೆ ಎಂದು ಮಗಳು ಕೇಳಿದಳು.

"ದೇವರು ಕೊಟ್ಟಿತಲ್ಲ. ಒಡೆದೋಳು ನೀನು. ಅದಕ್ಕೆ ದೇವರು ಯಾಕೆ ಉಪವಾಸ ಇರಬೇಕು?"

ಹಬ್ಬಕ್ಕೆ ಊರೆಲ್ಲ ಬೀದಿಗಿಳಿದು ನೀರೆರಚುತ್ತಿತ್ತು. ಜಿಯಪ್ ಮಾತ್ರ ಬುಗ್ಗೆಯ ಬಳಿ ಬಂದು ಬಂದು ಕೀಲಿ ಕೇಳಿದಳು. ಮೊದಲು ನಗುತ್ತಾ ಕೇಳಿದಳು, ಆಮೇಲೆ ಗೋಗರೆದಳು, ಕೊನೆಗೆ ಜಗಳಕ್ಕೇ ನಿಂತಳು. ಲಮ್‌ದುವಾನ್ ಜಗ್ಗಲಿಲ್ಲ. ಮೊಬೈಲು ನೆನೆಯದಿರಲೆಂದು ಕೊರಳಿಗೆ ನೇತು ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲಿ ಕೀಲಿ ಹಾಕಿಕೊಂಡು, ಗಿರಾಕಿಗಳ ಬುಟ್ಟಿ ನೋಡಿಕೊಂಡಳು. ಮಗಳು ಮುಖ ಊದಿಸಿಕೊಂಡು ಮನೆಗೆ ಹೋದಳು.

ಹಬ್ಬದ ಕೊನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾದ ಲಮ್‌ದುವಾನ್ ಹೊಸ್ತಿಲಲ್ಲಿ ನಿಂತಿದ್ದಳು. ಬುಗ್ಗೆಯ ಅಂಗಡಿಯನ್ನು ಪಕ್ಕದವಳಿಗೆ ವಹಿಸಿ, ದಾರಿಯುದ್ದಕ್ಕೂ ನೀರೆರಚಿಸಿಕೊಂಡು ಬಾಡಿಗೆ ಗಾಡಿಯಲ್ಲಿ ಬಂದಿದ್ದಳು.

"ನಡಿ, ನೋಡೋಣ. ನಿದ್ದೆ ಬರ್ತಾ ಇಲ್ಲ ಕಣೇ ನಂಗೆ."

ಜಿಯಪ್‌ಗೆ ತನ್ನ ಚಡಪಡಿಕೆ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು.

ರಜೆಯ ಕಟ್ಟಡದಲ್ಲಿ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ತಾಯಿ ಕೊರಳ ಚೀಲದಿಂದ ಕೀಲಿ ತೆಗೆದು ತಾನೇ ಕಪಾಟಿನ ಬೀಗ ತೆರೆದಳು. ಜಿಯಪ್ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ಸರಿದು ಅಮ್ಮನಿಗೆ ಜಾಗ ಕೊಟ್ಟಳು.

ಲಮ್‌ದುವಾನ್ ಒಂದು ಕಣ್ಣು ಮುಚ್ಚಿ ಇಣುಕಿದಳು. "ಸಕ್ಕರೆ ಚೆಲ್ಲಿದ ಹಾಗಿದೆ." ತಕ್ಷಣ ಏನೋ ನೆನಪಾಗಿ, ಮಗಳ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇದ್ರಲ್ಲಿ ಯಾವುದನ್ನ ಚುಚ್ತೀಯ ಈಗ?"

"ಯಾವುದನ್ನೂ ಇಲ್ಲಮ್ಮ," ಎಂದಳು ಜಿಯಪ್. "ಇವು ಯಾರ ಮಕ್ಕಳು ಅಂತ ಗೊತ್ತಿದೆಯಲ್ಲ."